ಕಾಫಿ ತೋಟದಿಂದ ಸಿಲ್ವರ್ ಓಕ್ ದಿಮ್ಮಿ ಹೊರಗೆ ತರುವುದು: ಬಾಬ್‌ಕ್ಯಾಟ್ ಕರೆಸುವವರಿಗೆ ಹಂತ ಹಂತದ ಮಾರ್ಗದರ್ಶಿ

ತೋಟದಲ್ಲಿ ಸಿಲ್ವರ್ ಕಡಿಸಿದವರು ದಿಮ್ಮಿ ಸಾಗಿಸಲು ಬಾಬ್‌ಕ್ಯಾಟ್ ಕರೆಸುತ್ತಾರೆ. ಎರಡು ದಿನದ ಕೆಲಸ ಎಂದುಕೊಂಡದ್ದು ಐದು ದಿನ ಹಿಡಿಯುತ್ತದೆ. ದಿಮ್ಮಿ ಎತ್ತಲು ಹೋದರೆ ಯಂತ್ರದ ಹಿಂದಿನ ಚಕ್ರವೇ ಮೇಲೇಳುತ್ತದೆ. ದಿಮ್ಮಿ ಎದ್ದರೂ ದಾರಿಯಲ್ಲಿ ತಿರುಗಲು ಜಾಗ ಇರುವುದಿಲ್ಲ. ಕೊನೆಗೆ ಹತ್ತು ಕಾಫಿ ಗಿಡ ಮುರಿದು, ಒಂದು ಟೈರ್ ಹರಿದು, ಬಾಡಿಗೆ ಲೆಕ್ಕದಲ್ಲಿ ಜಗಳವಾಗುತ್ತದೆ.

ಹೀಗಾದ ಎಷ್ಟೋ ತೋಟಗಳನ್ನು ನೋಡಿದ್ದೇನೆ. ನಮ್ಮ ತೋಟದಲ್ಲೂ ಆಗಿದೆ. ಎಲ್ಲ ಕಡೆ ತಪ್ಪು ಒಂದೇ: ಕೆಲಸದ ಕ್ರಮ. ಮೊದಲು ಮರ ಬೀಳಿಸುತ್ತೇವೆ, ಆಮೇಲೆ ತುಂಡು ಮಾಡುತ್ತೇವೆ, ಆಮೇಲೆ ಯಂತ್ರ ಹುಡುಕುತ್ತೇವೆ, ಎಲ್ಲ ಮುಗಿದ ಮೇಲೆ ದಾರಿ ಯೋಚಿಸುತ್ತೇವೆ. ಇದನ್ನು ಹಿಂದುಮುಂದು ಮಾಡಿ. ಮೊದಲು ದಾರಿ, ಆಮೇಲೆ ತೂಕ, ಆಮೇಲೆ ಯಂತ್ರ. ಗರಗಸ ಕೈಗೆ ತೆಗೆದುಕೊಳ್ಳುವುದು ಅದಾದ ಮೇಲೆ.

ಇಲ್ಲಿ ಬಾಬ್‌ಕ್ಯಾಟ್ ಎಂದರೆ ಸ್ಕಿಡ್ ಸ್ಟಿಯರ್ ಲೋಡರ್, ಅಂದರೆ ಮುಂದಿನ ತೋಳುಗಳಿಂದ ಭಾರ ಎತ್ತುವ ಸಣ್ಣ ಯಂತ್ರ. ಯಾವ ಕಂಪನಿಯದ್ದಾದರೂ ನಮ್ಮ ಕಡೆ ಅದಕ್ಕೆ ಬಾಬ್‌ಕ್ಯಾಟ್ ಅಂತಲೇ ಹೆಸರು, ನಾನೂ ಹಾಗೇ ಬರೆಯುತ್ತೇನೆ.

ಕೈಯಲ್ಲಿ ಇರಬೇಕಾದ ಸಾಮಾನು

ಅಳತೆ ಟೇಪು, ಸೀಮೆಸುಣ್ಣ ಅಥವಾ ಬಣ್ಣ, ಎರಡು ಹಾರೆ, ಮರದ ಬೆಣೆಗಳು, ಎಂಟು ಹತ್ತು ಅಡ್ಡ ಕಟ್ಟಿಗೆ, ದಪ್ಪ ಹಲಗೆ ನಾಲ್ಕು, ಚೈನ್‌ಸಾ, ಹೆಲ್ಮೆಟ್, ಗಟ್ಟಿ ಬೂಟು. ಎಳೆಯಲು ಗ್ರೇಡ್ 80 ಸರಪಳಿ ಬೇಕು. 10 ಮಿಲಿಮೀಟರ್ ದಪ್ಪದ್ದಾದರೆ ನೇರ ಎಳೆತಕ್ಕೆ 3.15 ಟನ್ ತಡೆಯುತ್ತದೆ. ಕುಣಿಕೆ ಹಾಕಿ ಬಿಗಿದಾಗ ಅಷ್ಟು ತಡೆಯುವುದಿಲ್ಲ, ಅದನ್ನು ನೆನಪಿಡಿ. ನೈಲಾನ್ ಹಗ್ಗ, ಹಳೇ ಬಾವಿ ಹಗ್ಗ, ದನ ಕಟ್ಟುವ ಸರಪಳಿ ಯಾವುದೂ ಬೇಡ. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗುತ್ತದೆ. ಕಿತ್ತು ಬಂದರೆ ಎದುರಿಗೆ ಇದ್ದವರ ಕಣ್ಣು, ಮುಖ ಉಳಿಯುವುದಿಲ್ಲ.

ಹಂತ 1: ಲಾರಿ ನಿಲ್ಲುವ ಜಾಗ ಗೊತ್ತು ಮಾಡಿ

ಕೊನೆಯಿಂದ ಶುರು ಮಾಡಿ. ಲಾರಿ ಎಲ್ಲಿಯವರೆಗೆ ಬರುತ್ತದೆ? ಅಲ್ಲಿ ದಿಮ್ಮಿ ರಾಶಿ ಹಾಕಲು ಸಮತಟ್ಟು ಜಾಗ ಇದೆಯಾ? ಬಾಬ್‌ಕ್ಯಾಟ್ ದಿಮ್ಮಿ ಹಿಡಿದುಕೊಂಡು ಒಂದು ಸುತ್ತು ತಿರುಗುವಷ್ಟು ಜಾಗ ಬೇಕು, ಅಂದರೆ ಕಡಿಮೆ ಎಂದರೂ 25 ಅಡಿ ಅಗಲ. ಕಾಫಿ ಕಣ ಖಾಲಿ ಇದ್ದರೆ ಅನುಕೂಲ ಅನ್ನಿಸುತ್ತದೆ. ಆದರೆ ಸಿಮೆಂಟ್ ಕಣದ ಮೇಲೆ ಈ ಯಂತ್ರ ನಿಂತಲ್ಲೇ ತಿರುಗಿದರೆ ಗಾರೆ ಕಿತ್ತು ಬರುತ್ತದೆ. ಕಣದ ಪಕ್ಕದ ಮಣ್ಣಿನ ಜಾಗ ನೋಡಿಕೊಳ್ಳಿ.

ತಲೆಯ ಮೇಲೂ ನೋಡಿ. ಪಂಪ್‌ಸೆಟ್‌ಗೆ ಎಳೆದ ಲೈನ್ ತೋಟದೊಳಗೆ ಜೋತುಬಿದ್ದಿರುತ್ತದೆ. ಬಾಬ್‌ಕ್ಯಾಟ್ ತೋಳು ಪೂರ್ತಿ ಎತ್ತಿದಾಗ, ಹಿಡಿದ ದಿಮ್ಮಿಯೂ ಸೇರಿ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಎತ್ತರ ಹೋಗುತ್ತದೆ. ತಂತಿ ಕೆಳಗೆ ಲೋಡಿಂಗ್ ಬೇಡವೇ ಬೇಡ. ತಂತಿ ಹತ್ತಿರ ಮರ ಬೀಳಿಸುವುದಿದ್ದರೆ ಸೆಸ್ಕ್ ಅಥವಾ ಮೆಸ್ಕಾಂನವರಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ.

ಕಾಗದದ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ, ತೋಟದ ಕಾಡು ಮರಗಳಿಗೆ ಇಲ್ಲ. ಸಾಗಾಟಕ್ಕೆ ಏನು ಬೇಕು ಎಂಬುದನ್ನು ಲಾರಿಗೆ ಅಡ್ವಾನ್ಸ್ ಕೊಡುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಹಂತ 2: ದಾರಿಯನ್ನು ನಡೆದು ನೋಡಿ

ಜೀಪಿನಲ್ಲಿ ಕೂತು ನೋಡಿದರೆ ಸಾಲದು, ನಡೆಯಬೇಕು. ಕೈಯಲ್ಲಿ ಹಾರೆ ಇರಲಿ, ತರಗೆಲೆ ಇರುವ ಕಡೆಯೆಲ್ಲ ಚುಚ್ಚುತ್ತಾ ಹೋಗಿ. ನಮ್ಮ ತೋಟಗಳ ದೊಡ್ಡ ಶತ್ರು ತೊಟ್ಟಿಲು ಗುಂಡಿ. ನೀರು ಇಂಗಲಿ ಎಂದು ಸಾಲುಗಳ ನಡುವೆ ತೆಗೆದ ಗುಂಡಿಗಳು ಬೇಸಿಗೆಗೆ ಎಲೆ ತುಂಬಿ ನೆಲದ ಮಟ್ಟಕ್ಕೆ ಬಂದಿರುತ್ತವೆ. ಕಣ್ಣಿಗೆ ಗುಂಡಿ ಕಾಣುವುದೇ ಇಲ್ಲ. ದಿಮ್ಮಿ ಹಿಡಿದ ಯಂತ್ರದ ಒಂದು ಚಕ್ರ ಅದರಲ್ಲಿ ಇಳಿದರೆ ಯಂತ್ರ ಆ ಕಡೆಗೇ ವಾಲುತ್ತದೆ. ದಾರಿಗೆ ಸಿಗುವ ಗುಂಡಿಗೆ ಮಣ್ಣು ತುಂಬಿಸಿ, ಇಲ್ಲವೇ ಪಕ್ಕದಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ.

ಹುತ್ತದ ಸುತ್ತಮುತ್ತ ನೆಲ ಒಳಗೆ ಟೊಳ್ಳಿರುತ್ತದೆ, ಅಲ್ಲಿಂದ ದೂರ ಹೋಗಿ. ಓರೆಯಾಗಿ ಕಡಿದ ಹಳೇ ಕಾಫಿ ಬೊಡ್ಡೆಗಳನ್ನು ನೆಲಕ್ಕೆ ಸಮ ಕೊಯ್ಸಿ. ಟೈರಿನ ಪಕ್ಕದ ಗೋಡೆ ಹರಿಯುವುದು ಇವುಗಳಿಂದಲೇ. ಪಕ್ಕ ಹರಿದ ಟೈರಿಗೆ ಪಂಚರ್ ಹಾಕಲು ಬರುವುದಿಲ್ಲ.

ಮೋರಿಗಳನ್ನು ಮರೆಯಬೇಡಿ. ಮಧ್ಯಮ ಗಾತ್ರದ ಬಾಬ್‌ಕ್ಯಾಟ್ ಖಾಲಿಯಾಗಿಯೇ ಎರಡೂವರೆ, ಮೂರು ಟನ್ ತೂಗುತ್ತದೆ. ದಿಮ್ಮಿ ಹಿಡಿದಾಗ ಹೆಚ್ಚುಕಮ್ಮಿ ಅಷ್ಟೂ ಭಾರ ಮುಂದಿನ ಎರಡು ಚಕ್ರದ ಮೇಲೆ ಬೀಳುತ್ತದೆ. ಅಜ್ಜನ ಕಾಲದ ಕಲ್ಲು ಚಪ್ಪಡಿ ಮೋರಿ ಜೀಪು ತಡೆದಿದೆ ಎಂದು ಇದನ್ನೂ ತಡೆಯುತ್ತದೆ ಎಂದುಕೊಳ್ಳಬೇಡಿ. ಕೆಳಗೆ ಮರದ ಊರುಗೋಲು ಕೊಡಿ, ಆಗದಿದ್ದರೆ ಬೇರೆ ದಾರಿ ನೋಡಿ.

ಇನ್ನು ಮಣ್ಣು. ಒಂದು ಹಿಡಿ ಮಣ್ಣನ್ನು ಅರ್ಧ ಅಡಿ ಆಳದಿಂದ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿ. ಉಂಡೆಯಾಗಿ ಕೂತರೆ ಅಂದು ಯಂತ್ರ ತೋಟಕ್ಕೆ ಇಳಿಸಬೇಡಿ. ಪುಡಿಯಾದರೆ ಸರಿ. ಕಾಫಿಯ ಊಟದ ಬೇರೆಲ್ಲ ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತದೆ. ಬಾಬ್‌ಕ್ಯಾಟ್ ಸ್ಟೀರಿಂಗ್ ತಿರುಗಿಸಿ ತಿರುಗುವ ಗಾಡಿ ಅಲ್ಲ, ಚಕ್ರ ಉಜ್ಜಿಕೊಂಡು ತಿರುಗುತ್ತದೆ. ಒದ್ದೆ ನೆಲದಲ್ಲಿ ಒಂದು ಸಲ ತಿರುಗಿದರೆ ಆ ಜಾಗದ ಬೇರು ಹೋದಂತೆ. ಹಾಗಾಗಿ ಕಾಫಿ ಕೊಯ್ಲು ಮುಗಿದು, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರುವ ಮುಂಚಿನ ಒಣ ವಾರಗಳೇ ಈ ಕೆಲಸಕ್ಕೆ ಸರಿಯಾದ ಕಾಲ.

ಇಲ್ಲಿಯೇ ಒಂದು ನಿರ್ಧಾರ ಮಾಡಿಬಿಡಿ: ಯಂತ್ರ ತೋಟದ ರಸ್ತೆ ಬಿಟ್ಟು ಸಾಲಿನೊಳಗೆ ಬರುವುದಿಲ್ಲ. ಆರೇಳು ಅಡಿ ಅಂತರದ ಅರೇಬಿಕಾ ಸಾಲಿನಲ್ಲಿ ಐದಾರು ಅಡಿ ಅಗಲದ ಯಂತ್ರ ನುಗ್ಗಿಸಿ ಗಿಡ ಉಳಿಸುವುದು ಆಗದ ಮಾತು. ಸಾಲಿನೊಳಗೆ ಬಿದ್ದ ದಿಮ್ಮಿಯನ್ನು ಸರಪಳಿ ಹಾಕಿ ರಸ್ತೆ ಅಂಚಿಗೆ ಎಳೆದುಕೊಳ್ಳಬೇಕು. ಎತ್ತಿ ಸಾಗಿಸುವುದು ರಸ್ತೆಯಿಂದ ಮುಂದಕ್ಕೆ.

ಹಂತ 3: ಪ್ರತಿ ದಿಮ್ಮಿಯ ತೂಕ ಲೆಕ್ಕ ಹಾಕಿ

ಜಾಸ್ತಿ ಜನ ಸೋಲುವುದು ಇಲ್ಲಿ. ನಾಟಾ ವ್ಯಾಪಾರಿ ಬರೆದುಕೊಟ್ಟ ಘನ ಅಡಿ ಲೆಕ್ಕ ಹಿಡಿದುಕೊಂಡು ತೂಕ ಅಂದಾಜು ಮಾಡುತ್ತಾರೆ. ವ್ಯಾಪಾರಿ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾನೆ. ಕೊಯ್ಯುವಾಗ ಹೋಗುವ ಪಕ್ಕೆ, ಸಿಪ್ಪೆಯನ್ನು ಬಿಟ್ಟು ಹಾಕುವ ಲೆಕ್ಕ ಅದು. ದರಕ್ಕೆ ಅದು ಸರಿ ಇರಬಹುದು. ಎತ್ತುವ ಯಂತ್ರಕ್ಕೆ ಸಿಪ್ಪೆಯೂ ಭಾರವೇ ಅಲ್ವಾ? ನಿಜವಾದ ಗಾತ್ರ ವ್ಯಾಪಾರಿ ಲೆಕ್ಕಕ್ಕಿಂತ ಕಾಲು ಭಾಗಕ್ಕೂ ಸ್ವಲ್ಪ ಜಾಸ್ತಿ ಇರುತ್ತದೆ.

ಉದಾಹರಣೆಗೆ 6 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ. ವ್ಯಾಪಾರಿ ಲೆಕ್ಕದಲ್ಲಿ 22.5 ಘನ ಅಡಿ. ನಿಜವಾಗಿ ಇರುವುದು 28.6 ಘನ ಅಡಿ. ಹಸಿ ಮರದ ತೂಕವನ್ನು ನೀರಿನ ತೂಕಕ್ಕೆ ಸಮ ಎಂದು ಹಿಡಿಯುವುದು ಕ್ಷೇಮ, ಅಂದರೆ ಘನ ಅಡಿಗೆ ಸುಮಾರು 28 ಕೆಜಿ. ಈ ದಿಮ್ಮಿ 800 ಕೆಜಿ ಆಯಿತು. ವ್ಯಾಪಾರಿ ಲೆಕ್ಕ ನಂಬಿದವನು 630 ಕೆಜಿ ಎಂದುಕೊಂಡು ಎತ್ತಲು ಹೋಗಿರುತ್ತಾನೆ.

ಪ್ರತಿ ಸಲ ಗುಣಾಕಾರ ಮಾಡುತ್ತಾ ಕೂರಬೇಕಿಲ್ಲ. ದಿಮ್ಮಿಯ ನಡುಮಧ್ಯೆ ಸುತ್ತಳತೆ ತೆಗೆಯಿರಿ. ಒಂದು ಅಡಿ ಉದ್ದಕ್ಕೆ ಎಷ್ಟು ತೂಕ ಎಂದು ಇಲ್ಲಿ ಬರೆದಿದ್ದೇನೆ, ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳಿ:

3 ಅಡಿ ಸುತ್ತಳತೆ: ಅಡಿಗೆ 20 ಕೆಜಿ
4 ಅಡಿ ಸುತ್ತಳತೆ: ಅಡಿಗೆ 36 ಕೆಜಿ
5 ಅಡಿ ಸುತ್ತಳತೆ: ಅಡಿಗೆ 56 ಕೆಜಿ
6 ಅಡಿ ಸುತ್ತಳತೆ: ಅಡಿಗೆ 81 ಕೆಜಿ
7 ಅಡಿ ಸುತ್ತಳತೆ: ಅಡಿಗೆ 110 ಕೆಜಿ

ಒಮ್ಮೆ ಕಣ್ಣು ಹಾಯಿಸಿ ನೋಡಿ. ಸುತ್ತಳತೆ 3ರಿಂದ 6 ಅಡಿ, ಎರಡರಷ್ಟಾಯಿತು. ತೂಕ ನಾಲ್ಕರಷ್ಟಾಯಿತು. ನಿನ್ನೆ ಸಲೀಸಾಗಿ ಎತ್ತಿದ ಯಂತ್ರ ಇವತ್ತು ಯಾಕೆ ಒದ್ದಾಡುತ್ತಿದೆ ಎನ್ನುವವರಿಗೆ ಉತ್ತರ ಇದೇ.

ಸಿಲ್ವರ್ ಬಿಟ್ಟು ಗಟ್ಟಿ ಜಾತಿಯ ಕಾಡು ಮರವಾದರೆ ಈ ಲೆಕ್ಕದ ಮೇಲೆ ಐದನೇ ಒಂದು ಭಾಗ ಸೇರಿಸಿ. ಅಂಥ ಹಸಿ ದಿಮ್ಮಿ ಹೊಳೆಗೆ ಹಾಕಿದರೆ ಮುಳುಗುತ್ತದೆ.

ಹಂತ 4: ಯಂತ್ರ ಮತ್ತು ಹಿಡಿಕೆ (ತೋಳಿನ ತುದಿಗೆ ಸಿಕ್ಕಿಸುವ ಸಲಕರಣೆ) ಆರಿಸಿ

ಫೋನಿನಲ್ಲಿ "ಎಷ್ಟು ಎತ್ತುತ್ತೆ?" ಎಂದು ಕೇಳಿದರೆ "ಒಂದು ಟನ್ ಆರಾಮಾಗಿ" ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಹೊರಡಬೇಡಿ. ಕ್ಯಾಬಿನ್ ಒಳಗೆ ಅಂಟಿಸಿದ ಪ್ಲೇಟಿನ ಫೋಟೋ ಕಳಿಸಲು ಹೇಳಿ. ಅದರಲ್ಲಿ ರೇಟೆಡ್ ಆಪರೇಟಿಂಗ್ ಕೆಪ್ಯಾಸಿಟಿ ಎಂದು ಇರುತ್ತದೆ, ಅಂದರೆ ಕ್ಷೇಮವಾಗಿ ಎತ್ತಬಹುದಾದ ತೂಕ. ಚಕ್ರದ ಯಂತ್ರಕ್ಕೆ ಅದು ಮಗುಚುವ ತೂಕದ ಅರ್ಧ. ಬೆಲ್ಟಿನ ಯಂತ್ರಕ್ಕೆ ನೂರಕ್ಕೆ 35. ಪ್ಲೇಟಿನ ಮೇಲೆ 600 ಎಂದು ಇದ್ದ ಚಕ್ರದ ಯಂತ್ರ ಸಮತಟ್ಟು, ಗಟ್ಟಿ ನೆಲದಲ್ಲಿ 1200 ಕೆಜಿಗೆ ಮಗುಚುತ್ತದೆ. ಆ ನಡುವಿನ ಅರ್ಧವನ್ನು ನಿಮ್ಮ ತಗ್ಗುದಿಣ್ಣೆ ದಾರಿಗೆಂದೇ ಬಿಟ್ಟಿರುತ್ತಾರೆ. ಅದನ್ನೂ ಬಳಸಿಕೊಳ್ಳೋಣ ಎನ್ನುವ ಆಪರೇಟರ್ ಬೇಡ.

ಆ 600 ಕೆಜಿ ಕೂಡ ಮಾಮೂಲಿ ಬಕೆಟ್ ಹಾಕಿದಾಗಿನ ಮಾತು. ದಿಮ್ಮಿ ಹಿಡಿಯುವ ಗ್ರಾಪಲ್ ಬಕೆಟ್‌ಗಿಂತ ಭಾರ. ಅದರ ಪ್ಲೇಟಿನಲ್ಲಿ ತೂಕ ನೋಡಿ, ಬಕೆಟ್‌ಗಿಂತ ಎಷ್ಟು ಜಾಸ್ತಿಯೋ ಅಷ್ಟನ್ನು ಕಳೆಯಿರಿ. 150 ಕೆಜಿ ಜಾಸ್ತಿ ಇದ್ದರೆ ನಿಮಗೆ ಉಳಿದದ್ದು 450. ಮೇಲಿನ ಪಟ್ಟಿ ಪ್ರಕಾರ 6 ಅಡಿ ಸುತ್ತಳತೆಯ ಮರವನ್ನು ಐದೂವರೆ ಅಡಿಗಿಂತ ಉದ್ದ ಇಡುವಂತಿಲ್ಲ. ಮರ ಕೊಯ್ಯುವ ಮುಂಚೆ ಈ ಲೆಕ್ಕ ಕೈಯಲ್ಲಿ ಇರಬೇಕು ಎಂದದ್ದು ಇದಕ್ಕೇ.

ಹಿಡಿಕೆಯಲ್ಲಿ ಮೂರು ಬಗೆ ಸಿಗುತ್ತವೆ. ಮೇಲಿನಿಂದ ದವಡೆಯಂತೆ ಮುಚ್ಚಿ ಹಿಡಿಯುವ ಗ್ರಾಪಲ್ ಮೊದಲ ಆಯ್ಕೆ. ಅದು ಇಲ್ಲದಿದ್ದರೆ ಎರಡು ಕವಲಿನ ಫೋರ್ಕ್, ಜೊತೆಗೆ ದಿಮ್ಮಿಯನ್ನು ಫೋರ್ಕಿಗೆ ಬಿಗಿಯಲು ಸರಪಳಿ. ಮೂರನೆಯದು ಬರೀ ಬಕೆಟ್. ಬಾಡಿಗೆ ಯಂತ್ರಗಳು ಇದರ ಜೊತೆಯಲ್ಲೇ ಬರುವುದು, ಅಪಾಯ ಇರುವುದೂ ಇದರಲ್ಲೇ. ಎಷ್ಟೋ ಯಂತ್ರಗಳಲ್ಲಿ ತೋಳು ಮೇಲೆ ಹೋದಂತೆ ಬಕೆಟ್ ತಾನಾಗಿ ಹಿಂದಕ್ಕೆ ವಾಲುತ್ತದೆ. ಬಾಯಿಯಲ್ಲಿ ಅಡ್ಡ ಕೂತ ದಿಮ್ಮಿ ಆಗ ಬಕೆಟ್ ದಾಟಿ, ತೋಳಿನ ಮೇಲೆ ಉರುಳಿ, ನೇರವಾಗಿ ಆಪರೇಟರ್ ಮಡಿಲಿಗೆ ಬರುತ್ತದೆ. ಬರೀ ಬಕೆಟ್ ಇದ್ದರೆ ದಿಮ್ಮಿ ಎತ್ತಬೇಡಿ. ನೆಲದ ಮೇಲೆ ತಳ್ಳಲು, ಉರುಳಿಸಲು ಮಾತ್ರ ಬಳಸಿ.

ಹಂತ 5: ಬೀಳಿಸುವುದು, ಕೊಯ್ಯುವುದು

ಮೆಣಸಿನ ಬಳ್ಳಿ ಇದ್ದರೆ ಮೊದಲು ಇಳಿಸಿಕೊಳ್ಳಿ. ಮರ ಬೀಳುವ ಜಾಗದಲ್ಲಿ ಅಡ್ಡ ಕಟ್ಟಿಗೆ ನಾಲ್ಕೈದು ಹಾಸಿ. ಬರೀ ನೆಲಕ್ಕೆ ಬಿದ್ದ ದಿಮ್ಮಿ ಮಣ್ಣಿನಲ್ಲಿ ಅರ್ಧ ಗೇಣು ಹೂತು ಕೂರುತ್ತದೆ, ಅದರ ಅಡಿಗೆ ಫೋರ್ಕ್ ತೂರುವುದಿಲ್ಲ. ಅಡ್ಡ ಕಟ್ಟಿಗೆಯ ಮೇಲೆ ಬಿದ್ದರೆ ಸಂದು ತಾನಾಗಿ ಸಿಗುತ್ತದೆ. ಇದೊಂದರಿಂದ ಉಳಿಯುವ ಸಮಯ ನೋಡಿದವರಿಗೇ ಗೊತ್ತು.

ಪ್ಲೈವುಡ್ ಕಾರ್ಖಾನೆಗೆ ಹೋಗುವ ಮರವಾದರೆ ತುಂಡಿನ ಉದ್ದ ಎಷ್ಟಿರಬೇಕು ಎಂದು ಕೊಳ್ಳುವವರನ್ನು ಮೊದಲೇ ಕೇಳಿ. ಅವರು ಹೇಳಿದ ಉದ್ದ ಬುಡದ ತುಂಡಿಗೆ ಯಂತ್ರದ ಮಿತಿ ಮೀರಿದರೆ ಆಗಲೇ ಮಾತಾಡಿಕೊಳ್ಳಿ: ಅರ್ಧ ಉದ್ದಕ್ಕೆ ಒಪ್ಪುತ್ತಾರಾ, ಇಲ್ಲ ಆ ಒಂದಷ್ಟು ತುಂಡಿಗೆ ಕ್ರೇನ್ ಬೇಕಾ? ಸೀಮೆಸುಣ್ಣದಲ್ಲಿ ಪ್ರತಿ ತುಂಡಿನ ತಲೆಗೆ ತೂಕ ಬರೆಯಿರಿ. ಆಪರೇಟರ್‌ಗೆ ಅದು ಕಾಣಬೇಕು.

ಇಳಿಜಾರಿನಲ್ಲಿ ಕೊಯ್ಯುವವರು ಯಾವಾಗಲೂ ದಿಮ್ಮಿಯ ಮೇಲಿನ ಕಡೆ ನಿಲ್ಲಬೇಕು. ಕೊಯ್ದು ಬಿಡಿಯಾದ ತುಂಡು ಕೆಳಕ್ಕೆ ಉರುಳುತ್ತದೆ. ಕೆಳಗಡೆ ಎರಡು ಬೆಣೆ ಹೊಡೆದ ಮೇಲೇ ಗರಗಸ ಇಡಿ. ಕೊಂಬೆಯ ಗಿಣ್ಣುಗಳನ್ನು ಮೈಗೆ ಸಮ ಮಾಡಿಸಿ. ಒಂದು ಗೇಣು ಗಿಣ್ಣು ಉಳಿದರೂ ಎಳೆಯುವಾಗ ನೇಗಿಲಿನಂತೆ ನೆಲ ಉಳುತ್ತದೆ.

ಹಂತ 6: ಬೆಳಿಗ್ಗೆ ಹತ್ತು ನಿಮಿಷದ ತಪಾಸಣೆ

ಆಪರೇಟರ್ ಎಷ್ಟೇ ಅನುಭವಿಯಾದರೂ ನೀವೇ ಪಕ್ಕದಲ್ಲಿ ನಿಂತು ಇದನ್ನು ಮಾಡಿಸಿ.

ಹಿಡಿಕೆಯ ಲಾಕ್ ಮೊದಲು. ಎರಡೂ ಲಿವರ್ ಪೂರ್ತಿ ಕೆಳಗೆ ಕೂತಿರಬೇಕು. ಕೆಳಗಡೆ ಎರಡು ಪಿನ್ನುಗಳು ತೂತಿನಿಂದ ಹೊರಗೆ ಕಾಣಬೇಕು. ಒಂದು ಕಂಡು ಇನ್ನೊಂದು ಕಾಣದಿದ್ದರೆ ಕೆಲಸ ಶುರು ಬೇಡ, ದಿಮ್ಮಿ ಸಮೇತ ಹಿಡಿಕೆಯೇ ಕಳಚಿ ಬೀಳುತ್ತದೆ. ಕಣ್ಣಿನಿಂದ ನೋಡಿದ ಮೇಲೆ ಹಿಡಿಕೆಯ ತುದಿಯನ್ನು ನೆಲಕ್ಕೆ ಒತ್ತಿ ಒಮ್ಮೆ ಪರೀಕ್ಷೆ ಮಾಡಿ.

ಆಮೇಲೆ ಟೈರ್ ಗಾಳಿ, ಹೈಡ್ರಾಲಿಕ್ ಪೈಪಿನ ಸೋರಿಕೆ, ಸೀಟಿನ ಬೆಲ್ಟು, ಮಡಿಲ ಮೇಲೆ ಬರುವ ಅಡ್ಡ ಸರಳು. ಸರಳು ಎತ್ತಿದಾಗ ತೋಳು ಅಲುಗಬಾರದು. ಅಲುಗಿದರೆ ಯಾರೋ ಆ ಸ್ವಿಚ್ ತಪ್ಪಿಸಿಟ್ಟಿದ್ದಾರೆ ಎಂದೇ ಅರ್ಥ. ಅಂಥ ಯಂತ್ರವನ್ನು ವಾಪಸ್ ಕಳಿಸಿ. ಕ್ಯಾಬಿನ್ ಪಕ್ಕದ ಜಾಲರಿ ತೆಗೆದಿದ್ದರೂ ಅಷ್ಟೇ. ಈ ಯಂತ್ರದ ತೋಳುಗಳು ಆಪರೇಟರ್‌ನ ಕಿವಿ ಪಕ್ಕದಲ್ಲೇ ಏರಿಳಿಯುತ್ತವೆ. ದಿಮ್ಮಿ ನೋಡಲು ತಲೆ ಹೊರಗೆ ಹಾಕಿದ ಕ್ಷಣ ತೋಳು ಇಳಿದರೆ ಮುಗಿಯಿತು.

ಎಂಜಿನ್ ಮುಚ್ಚಳ ತೆಗೆದು ತರಗೆಲೆ ತೆಗೆಯಿರಿ. ಸಿಲ್ವರ್ ಎಲೆ ಒಣಗಿದರೆ ಕಾಗದದಂತೆ. ಸೈಲೆನ್ಸರ್ ಪಕ್ಕ ಸೇರಿಕೊಂಡರೆ ಬೆಂಕಿ ಹತ್ತುತ್ತದೆ. ಫೆಬ್ರವರಿ, ಮಾರ್ಚಿನ ಒಣ ತೋಟದಲ್ಲಿ ಇದನ್ನು ದಿನಕ್ಕೆ ಎರಡು ಸಲ ಮಾಡಿ. ಬೆಂಕಿ ಆರಿಸುವ ಸಿಲಿಂಡರ್ ಒಂದು, ನೀರಿನ ಕ್ಯಾನು ಎರಡು ಹತ್ತಿರದಲ್ಲೇ ಇರಲಿ.

ಕೊನೆಗೆ ಸನ್ನೆ ಮಾಡುವವರನ್ನು ಗೊತ್ತು ಮಾಡಿ. ಒಬ್ಬರೇ ಇರಬೇಕು. ನಾಲ್ಕು ಕಡೆಯಿಂದ ನಾಲ್ಕು ಜನ "ಬಾ, ಬಾ", "ಹೋ, ಹೋ" ಎಂದು ಕೂಗುವುದು ನಮ್ಮ ಕಡೆ ಮಾಮೂಲು. ಎಂಜಿನ್ ಸದ್ದಿನಲ್ಲಿ ಆಪರೇಟರ್‌ಗೆ ಯಾವುದೂ ಕೇಳುವುದಿಲ್ಲ. "ನಿಲ್ಲು" ಎಂಬ ಸನ್ನೆ ಮಾತ್ರ ಯಾರು ಬೇಕಾದರೂ ಮಾಡಬಹುದು.

ಹಂತ 7: ಹಿಡಿಯುವುದು, ಎತ್ತುವುದು

ದಿಮ್ಮಿಗೆ ನೇರವಾಗಿ ಎದುರಾಗಿ ಬನ್ನಿ. ಓರೆಯಾಗಿ ಬಂದರೆ ಒಂದು ಕವಲು ಮೊದಲು ತಾಗಿ ದಿಮ್ಮಿ ತಿರುಗಿಬಿಡುತ್ತದೆ. ಹಿಡಿಯಬೇಕಾದ ಜಾಗ ದಿಮ್ಮಿಯ ನಡುಮಧ್ಯ ಅಲ್ಲ, ಅದಕ್ಕಿಂತ ಸ್ವಲ್ಪ ಬುಡದ ಕಡೆ. ಬುಡ ದಪ್ಪ ಇರುವುದರಿಂದ ತೂಕದ ನಡು ಆ ಕಡೆಗೆ ಸರಿದಿರುತ್ತದೆ.

ದಿಮ್ಮಿ ಫೋರ್ಕಿನ ಬುಡಕ್ಕೆ, ಅಂದರೆ ಯಂತ್ರದ ಕಡೆಯ ಗೋಡೆಗೆ ತಾಗುವವರೆಗೆ ಒಳಕ್ಕೆ ತೂರಿ. ತುದಿಯಲ್ಲಿ ಹಿಡಿದರೆ ಅದೇ ದಿಮ್ಮಿ ಯಂತ್ರಕ್ಕೆ ಇನ್ನೂ ಜಾಸ್ತಿ ಭಾರ. ನೀರು ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಈಗ ಒಂದು ಗೇಣು ಮಾತ್ರ ಎತ್ತಿ ನಿಲ್ಲಿಸಿ. ಮೂರು ಸೆಕೆಂಡು ಕಾಯಿರಿ. ಹಿಂದಿನ ಚಕ್ರ ನೋಡಿ: ಟೈರಿನ ಕೆಳಭಾಗ ನೆಲಕ್ಕೆ ಒತ್ತಿ ಚಪ್ಪಟೆಯಾಗಿದೆಯಾ, ಇಲ್ಲ ಗುಂಡಗೆ ಸುಮ್ನೆ ನೆಲ ಮುಟ್ಟಿಕೊಂಡಿದೆಯಾ? ಗುಂಡಗೆ ಇದ್ದರೆ ತೂಕ ಜಾಸ್ತಿಯಾಗಿದೆ. ಇಳಿಸಿ, ತುಂಡು ಮಾಡಿ.

ನಮ್ಮ ತೋಟದಲ್ಲಿ ಒಂದು ಸಲ ಇದನ್ನು ಮಾಡದೆ ಬುಡದ ತುಂಡೊಂದನ್ನು ಎತ್ತಿಸಿದೆವು. ನೆಲದ ಹತ್ತಿರ ಇದ್ದಾಗ ಏನೂ ಗೊತ್ತಾಗಲಿಲ್ಲ. ಎದೆಮಟ್ಟಕ್ಕೆ ಬಂದಾಗ ಹಿಂದಿನ ಎರಡೂ ಚಕ್ರ ಸದ್ದಿಲ್ಲದೆ ನೆಲ ಬಿಟ್ಟವು. ಆಪರೇಟರ್ ಗಾಬರಿಯಾಗದೆ ತೋಳನ್ನು ನಿಧಾನಕ್ಕೆ ಇಳಿಸಿದ, ಬಚಾವಾದೆವು. ತೋಳು ಕಮಾನಿನಂತೆ ಏರುವ ಯಂತ್ರಗಳಲ್ಲಿ ಎದೆಮಟ್ಟದಲ್ಲಿ ಭಾರ ಅತಿ ಮುಂದಕ್ಕೆ ಹೋಗಿರುತ್ತದೆ ಎಂದು ಆಮೇಲೆ ತಿಳಿಯಿತು. ನೆಲದಲ್ಲಿ ಎದ್ದ ದಿಮ್ಮಿ ಲಾರಿ ಎತ್ತರಕ್ಕೂ ಏಳುತ್ತದೆ ಎಂಬ ನಂಬಿಕೆ ಅಂದೇ ಹೋಯಿತು. ಹಿಂದಿನ ಚಕ್ರ ಎದ್ದರೆ ಮಾಡಬೇಕಾದದ್ದು ಅದೇ: ನಿಧಾನಕ್ಕೆ ಇಳಿಸುವುದು. ಗಾಬರಿಯಲ್ಲಿ ಹಿಂದಕ್ಕೆ ಎಳೆದರೆ ಅಥವಾ ಜಿಗಿಯಲು ಹೋದರೆ ಜೀವಕ್ಕೆ ಅಪಾಯ.

ಫೋರ್ಕ್ ಬಳಸುವವರು ಸರಪಳಿ ಬಿಗಿಯದೆ ಹೊರಡಬೇಡಿ. ಹಸಿ ತೊಗಟೆ ಭಾರಕ್ಕೆ ಸುಲಿದು ಬಂದರೆ ಒಳಗಿನ ಮರ ಸೋಪಿನಂತೆ ಜಾರುತ್ತದೆ.

ಹಂತ 8: ಸಾಗಿಸುವುದು, ಏರು ಮತ್ತು ಇಳಿತ

ದಿಮ್ಮಿ ನೆಲದಿಂದ ಅರ್ಧ, ಮುಕ್ಕಾಲು ಅಡಿಗಿಂತ ಎತ್ತರ ಇರಬಾರದು. ಮುಂದೆ ಕಾಣುವುದಿಲ್ಲ ಎಂದು ಎತ್ತರಕ್ಕೆ ಹಿಡಿದು ಹೋಗುವವರೇ ಮಗುಚಿಕೊಳ್ಳುವುದು. ಕಾಣದಿದ್ದರೆ ಸನ್ನೆಯವರು ಮುಂದೆ, ಒಂದು ಪಕ್ಕಕ್ಕೆ ಸರಿದು ನಡೆಯಲಿ. ವೇಗ ಅವರ ನಡಿಗೆಯಷ್ಟೇ ಇರಲಿ. ಬೇರೆ ಯಾರೂ ದಿಮ್ಮಿ ಉದ್ದದ ಎರಡರಷ್ಟು ದೂರದೊಳಗೆ ಬರಬಾರದು.

ಇಳಿಜಾರಿನ ನಿಯಮ ಒಂದೇ: ಭಾರದ ಕಡೆ ಯಾವಾಗಲೂ ಮೇಲೆ. ಖಾಲಿ ಯಂತ್ರದಲ್ಲಿ ಎಂಜಿನ್ ಹಿಂದೆ ಇರುವುದರಿಂದ ಹಿಂಭಾಗವೇ ಭಾರ. ಆದ್ದರಿಂದ ಖಾಲಿ ಇದ್ದಾಗ ಏರನ್ನು ಹಿಮ್ಮುಖವಾಗಿ ಹತ್ತಬೇಕು, ಮುಂಭಾಗ ಮಾಡಿ ಇಳಿಯಬೇಕು. ದಿಮ್ಮಿ ಹಿಡಿದಾಗ ಮುಂಭಾಗ ಭಾರ. ಆಗ ಮುಂದಾಗಿ ಹತ್ತಬೇಕು, ಹಿಮ್ಮುಖವಾಗಿ ಇಳಿಯಬೇಕು. ದಿಮ್ಮಿ ಹಿಡಿದು ಮುಖ ಕೆಳಗೆ ಮಾಡಿ ಇಳಿಯುವುದನ್ನು ದಿನಾ ನೋಡುತ್ತೇನೆ. ಸಣ್ಣ ಗುಂಡಿಗೆ ಬ್ರೇಕ್ ಹಾಕಿದರೂ ಯಂತ್ರ ಮೂಗಿನ ಮೇಲೆ ನಿಲ್ಲುತ್ತದೆ.

ಇಳಿಜಾರಿಗೆ ಅಡ್ಡಲಾಗಿ ಓಡಿಸಬೇಡಿ, ಇಳಿಜಾರಿನ ಮೇಲೆ ತಿರುಗಲೂ ಬೇಡಿ. ತಿರುಗಬೇಕಾದ ಜಾಗವನ್ನು ಸಮತಟ್ಟು ಮಾಡಿಟ್ಟುಕೊಳ್ಳಿ. ಧರೆಯ (ನೇರವಾಗಿ ಕಡಿದ ಮಣ್ಣಿನ ದಿಬ್ಬದ) ಅಂಚಿನಿಂದ ಕಡಿಮೆ ಎಂದರೂ ಐದು ಅಡಿ ದೂರ ಇರಲಿ. ಧರೆ ಎತ್ತರ ಇದ್ದಷ್ಟೂ ಇನ್ನೂ ದೂರ.

ದಿಮ್ಮಿ ಅಡ್ಡ ಹಿಡಿದರೆ ದಾರಿಯ ಅಗಲ ದಿಮ್ಮಿ ಉದ್ದಕ್ಕಿಂತ ಜಾಸ್ತಿ ಬೇಕು. ಹತ್ತಡಿ ರಸ್ತೆಯಲ್ಲಿ ಹತ್ತಡಿ ದಿಮ್ಮಿ ಎಂದರೆ ಎರಡೂ ಕಡೆಯ ಕಾಫಿ ರೆಕ್ಕೆ (ಪಕ್ಕದ ಕೊಂಬೆ) ಮುರಿದುಕೊಂಡು ಹೋಗುತ್ತೀರಿ. ಅಂಥ ಕಡೆ ಎಳೆಯುವುದೇ ವಾಸಿ.

ಹಂತ 9: ಎತ್ತಲಾಗದ್ದನ್ನು ಎಳೆಯುವುದು

ಒಂದು ತುದಿ ಮಾತ್ರ ಎತ್ತಿ ಇನ್ನೊಂದು ತುದಿ ನೆಲದಲ್ಲಿ ಬಿಟ್ಟರೆ ಯಂತ್ರದ ಮೇಲೆ ಬೀಳುವುದು ಹೆಚ್ಚುಕಮ್ಮಿ ಅರ್ಧ ತೂಕ. ಬುಡದ ಕಡೆ ಎತ್ತಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದರೂ ಬುಡವನ್ನೇ ಎತ್ತಿ, ತುದಿ ಹಿಂದೆ ಎಳೆದುಕೊಂಡು ಬರಲಿ. ದಪ್ಪ ಬುಡ ನೆಲದಲ್ಲಿದ್ದರೆ ಎದುರಿಗೆ ಸಿಕ್ಕ ಬೊಡ್ಡೆಗೆಲ್ಲ ಢಿಕ್ಕಿ ಹೊಡೆದು ನಿಲ್ಲುತ್ತದೆ.

ಸರಪಳಿಯಲ್ಲಿ ಎಳೆಯುವುದಾದರೆ ಯಂತ್ರದ ಹಿಂದಿನ ಚಾಸಿಯಲ್ಲಿ, ತಯಾರಕರು ಎಳೆಯಲೆಂದೇ ಕೊಟ್ಟ ಕೊಂಡಿಗೆ ಕಟ್ಟಿ. ಬಕೆಟ್ ಹಲ್ಲಿಗೆ ಸಿಕ್ಕಿಸಿ, ತೋಳು ಎತ್ತಿ ಎಳೆಯಬಾರದು. ಎಳೆತ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಸುಲಭವಾಗಿ ಯಂತ್ರ ಮಗುಚುತ್ತದೆ. ಸರಪಳಿ ಬಿಗಿಯಾಗುವವರೆಗೆ ತೆವಳುವ ವೇಗ, ಆಮೇಲೆ ಒಂದೇ ಸಮನೆ ಎಳೆತ. ಝಾಡಿಸಿ ಎಳೆಯಬೇಡಿ. ದಿಮ್ಮಿ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ, ಹಾರೆ ಹಾಕಿ ಮೀಟಿ ಬಿಡಿಸಿ. ಇಳಿಜಾರಿನಲ್ಲಿ ಕೆಳಮುಖವಾಗಿ ಎಳೆಯುವ ಕೆಲಸ ಬೇಡ, ದಿಮ್ಮಿ ಹಿಂದಿನಿಂದ ಜಾರಿ ಬಂದು ಯಂತ್ರಕ್ಕೇ ಗುದ್ದುತ್ತದೆ.

ಹಂತ 10: ಲಾರಿಗೆ ತುಂಬುವುದು

ಲಾರಿ ಸಮತಟ್ಟು ನೆಲದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಲಿ. ಡ್ರೈವರ್ ಕ್ಯಾಬಿನ್‌ನಿಂದ ಇಳಿದು, ಆಪರೇಟರ್‌ಗೆ ಕಾಣುವ ಕಡೆ ನಿಲ್ಲಬೇಕು. ಎದುರು ಬದಿಗೆ ಗಟ್ಟಿ ಗೂಟ ಇಲ್ಲದಿದ್ದರೆ ದಿಮ್ಮಿ ಆ ಕಡೆಯಿಂದ ಉರುಳಿ ಹೊರಗೆ ಬೀಳುತ್ತದೆ. ಆ ಬದಿಯಲ್ಲಿ ಯಾರೂ ಇರಬಾರದು. ಹಗ್ಗ ಸರಿಮಾಡಲು ಹೋದವರೇ ಸಿಕ್ಕಿಹಾಕಿಕೊಳ್ಳುವುದು.

ತೋಳು ಎತ್ತುವುದು ಲಾರಿಯ ಪಕ್ಕಕ್ಕೆ ಬಂದ ಮೇಲೆ. ಎತ್ತಿಕೊಂಡು ಹತ್ತಿರ ಹೋಗುವುದಲ್ಲ. ಇಟ್ಟಾದ ಮೇಲೆ ನೇರ ಹಿಂದಕ್ಕೆ ಬಂದು, ತೋಳು ಇಳಿಸಿ, ಆಮೇಲೆ ತಿರುಗಿ. ದಪ್ಪ ದಿಮ್ಮಿ ಕೆಳಗೆ, ತೆಳ್ಳಗಿನವು ಮೇಲೆ.

ಯಂತ್ರದ ಮಿತಿಯ ಹತ್ತಿರ ಇರುವ ತುಂಡುಗಳಿಗೆ ಮಲೆನಾಡಿನ ಹಳೇ ಉಪಾಯ ಇದೆ. ಧರೆಯ ಕೆಳಗಡೆ, ಧರೆಗೆ ಅಂಟಿಕೊಂಡಂತೆ ಲಾರಿ ನಿಲ್ಲಿಸಿ, ಲಾರಿಯ ಹಲಗೆ ಮಟ್ಟಕ್ಕೆ ಧರೆಯ ತಲೆ ಬರುವ ಜಾಗ ನೋಡಿ. ನಡುವೆ ಎರಡು ಗಟ್ಟಿ ಕಂಬ ಸೇತುವೆಯಂತೆ ಹಾಕಿ ದಿಮ್ಮಿಯನ್ನು ಹಾರೆಯಲ್ಲಿ ಉರುಳಿಸಿ. ಬಾಬ್‌ಕ್ಯಾಟ್ ಧರೆಯ ಅಂಚಿಗೆ ಬರದೆ, ಐದಡಿ ಹಿಂದೆಯೇ ದಿಮ್ಮಿ ಇಳಿಸಿ ಹೋಗಲಿ. ಎತ್ತರಕ್ಕೆ ಎತ್ತುವ ಕೆಲಸವೇ ಇಲ್ಲ. ನನ್ನ ಮಟ್ಟಿಗೆ, ಜಾಗ ಇದ್ದರೆ ಎಲ್ಲ ದಿಮ್ಮಿಗೂ ಇದೇ ಒಳ್ಳೆಯದು.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಹಿಂದಿನ ಚಕ್ರ ಹಗುರಾಗಿ, ಯಂತ್ರ ತಿರುಗಿಸಿದಾಗ ಹಿಂಭಾಗ ತೇಲಿದಂತೆ ಜಾರುವುದು. ತೋಳು ಎತ್ತಿ ನಿಲ್ಲಿಸಿದಾಗ ತಾನಾಗಿ ಕೆಳಗಿಳಿಯುವುದು. ಎತ್ತುವಾಗ ಎಂಜಿನ್ ಒತ್ತಿ ಹಿಡಿದಂತೆ ನರಳಿ, ಹೈಡ್ರಾಲಿಕ್ ಕಡೆಯಿಂದ ಕೀರಲು ಸದ್ದು ಬರುವುದು. ಹಿಡಿಕೆಯ ಲಾಕಿನ ಹತ್ತಿರ ಕಟಕಟ ಶಬ್ದ. ಸರಪಳಿಯ ಕೊಂಡಿ ಉದ್ದವಾಗಿ ಎಳೆದಂತೆ ಕಾಣುವುದು. ಸುಟ್ಟ ಎಲೆಯ ವಾಸನೆ. ಚಕ್ರದ ಗುರುತು ನಾಲ್ಕು ಬೆರಳಿಗಿಂತ ಆಳ ಹೋಗುವುದು. ಇವುಗಳಲ್ಲಿ ಒಂದು ಕಂಡರೂ ದಿಮ್ಮಿ ಇಳಿಸಿ, ಎಂಜಿನ್ ಆಫ್ ಮಾಡಿ, ಕಾರಣ ಹುಡುಕಿ.

ಆಪರೇಟರ್ ಇಳಿಯುವಾಗಲೂ ಒಂದು ಕ್ರಮ ಇದೆ. ತೋಳು ನೆಲಕ್ಕೆ, ಬ್ರೇಕ್ ಹಾಕಿ, ಎಂಜಿನ್ ಆಫ್, ಆಮೇಲೆ ಬೆಲ್ಟು ಬಿಚ್ಚಿ ಯಂತ್ರದ ಕಡೆ ಮುಖ ಮಾಡಿ ಇಳಿಯುವುದು. ಎತ್ತಿದ ತೋಳಿನ ಕೆಳಗೆ ನುಸುಳಿ ಹೊರಗೆ ಬರುವುದನ್ನು ಒಂದು ಸಲಕ್ಕೂ ಬಿಡಬೇಡಿ.

ಹಂತ 11: ಸಂಜೆ ತೋಟ ಬಿಡುವ ಮುಂಚೆ

ರಾಶಿಯ ಕೆಳಗಿನ ಸಾಲಿಗೆ ಎರಡೂ ಕಡೆ ಬೆಣೆ ಕೊಡಿ. ಮಕ್ಕಳು ರಾಶಿ ಹತ್ತುತ್ತಾರೆ. ಮಾರನೇ ದಿನ ಆ ದಿಮ್ಮಿಗಳನ್ನು ಮುಟ್ಟುವ ಮುಂಚೆ ಕೋಲಿನಿಂದ ಬಡಿದು ನೋಡಿ, ರಾತ್ರಿ ಹಾವು ಸೇರಿಕೊಂಡಿರುತ್ತದೆ.

ಎಲ್ಲ ಕೆಲಸ ಮುಗಿದ ದಿನ ದಾರಿಗೆಂದು ಮುಚ್ಚಿದ ತೊಟ್ಟಿಲು ಗುಂಡಿಗಳನ್ನು ಮತ್ತೆ ತೆಗೆಸಿ. ಚಕ್ರ ಒತ್ತಿದ ಗುರುತನ್ನು ಗುದ್ದಲಿಯಲ್ಲಿ ಸಡಿಲ ಮಾಡಿ ಮೇಲೆ ತರಗೆಲೆ ಹರಡಿಸಿ. ಹಾಗೇ ಬಿಟ್ಟರೆ ಜೂನ್ ಮಳೆಗೆ ಆ ಗುರುತೇ ಕಾಲುವೆಯಾಗಿ ಮೇಲ್ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಇದಕ್ಕೆ ಇಬ್ಬರು ಆಳಿನ ಒಂದು ದಿನದ ಕೆಲಸ ಸಾಕು. ಬಾಬ್‌ಕ್ಯಾಟ್ ಬಾಡಿಗೆ ಮಾತಾಡುವಾಗಲೇ ಈ ದಿನವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.